ಸೂಜಿ ಬೆಟ್ಟಗಳ ನಡುವೆ ಒಂದು ಸೂಜಿ ಬೇರಿಂಗ್

ಊರಿನಿಂದ ಅಪ್ಪ ಅಮ್ಮ ಬಂದಾಗ ನಾವು ತೋರಿಸುವ ಜಾಗಗಳ ಪಟ್ಟಿ ಎಲ್ಲರ ಮನೆಯಲ್ಲೂ ಹೆಚ್ಚುಕಡಿಮೆ ಒಂದೇ. ನಯಾಗರ, ನ್ಯೂಯಾರ್ಕ್, ಡಿಸ್ನಿ, ಗ್ರ್ಯಾಂಡ್ ಕ್ಯಾನಿಯನ್, ಜೊತೆಗೆ ಹತ್ತಿರದಲ್ಲಿ ಎಲ್ಲಾದರೂ ಒಂದು ದೇವಸ್ಥಾನ. ಸೌತ್ ಡಕೋಟ ರಾಜ್ಯ ಆ ಪಟ್ಟಿಯಲ್ಲಿ ಇರುವುದಿಲ್ಲ. ನಮ್ಮಲ್ಲಿ ಹೆಚ್ಚಿನವರು ಅದನ್ನು ನೋಡಿರುವುದು ವಿಮಾನದ ಕಿಟಕಿಯಿಂದ, ಅದೂ ಎಚ್ಚರವಾಗಿದ್ದರೆ!

ಮಿನ್ನಿಯಾಪೊಲಿಸ್ ಕಡೆಯಿಂದ ಹೊರಟರೆ ಸುಮಾರು 600 ಮೈಲಿ ಪ್ರಯಾಣ. ಮೊದಲು ಜೋಳದ ಹೊಲ, ಸೋಯಾ ಹೊಲ, ಮತ್ತೆ ಜೋಳದ ಹೊಲ. ಚೇಂಬರ್ಲಿನ್ ಎಂಬಲ್ಲಿ ಮಿಸ್ಸೂರಿ ನದಿ ದಾಟಿದ ಮೇಲೆ ಹೊಲಗಳು ಹಿಂದೆ ಸರಿದು ಬರೀ ಹುಲ್ಲುಗಾವಲು. ಅದರ ನಡುವೆ ಪ್ರತಿ ಕೆಲವು ಮೈಲಿಗೊಂದು ಬೋರ್ಡು: 'ವಾಲ್ ಡ್ರಗ್, ಐಸ್ ನೀರು ಉಚಿತ'. ವಾಲ್ ಎಂಬ ಪುಟ್ಟ ಊರಿನ ಔಷಧಿ ಅಂಗಡಿಯೊಂದು 1930ರ ದಶಕದ ಕಷ್ಟಕಾಲದಲ್ಲಿ ದಾರಿಹೋಕರಿಗೆ ತಣ್ಣೀರು ಕೊಟ್ಟು ಬದುಕಿಕೊಂಡಿತು. ಅರವಟ್ಟಿಗೆ ಇಟ್ಟು ಪುಣ್ಯ ಕಟ್ಟಿಕೊಳ್ಳುವುದು ನಮಗೆ ಗೊತ್ತಿತ್ತು. ಅರವಟ್ಟಿಗೆಯಿಂದ ವ್ಯಾಪಾರವೂ ಬೆಳೆಯುತ್ತದೆಂದು ಇಲ್ಲಿಯವರು ತೋರಿಸಿದ್ದಾರೆ.

ಅಲ್ಲಿಂದ ಮುಂದೆ ಬ್ಲ್ಯಾಕ್ ಹಿಲ್ಸ್. ಬೆಟ್ಟದ ಮೇಲಿನ ಪಾಂಡೆರೋಸ ಪೈನ್ ಮರಗಳು ದೂರದಿಂದ ಕಪ್ಪಗೆ ಕಾಣುವುದರಿಂದ ಈ ಹೆಸರು. ಲಕೋಟ ಜನರ ಭಾಷೆಯಲ್ಲೂ 'ಪಹಾ ಸಾಪಾ', ಅಂದರೆ ಕರಿಬೆಟ್ಟ. 1868ರ ಒಪ್ಪಂದದಲ್ಲಿ ಈ ಬೆಟ್ಟಗಳು ಅವರದೆಂದು ಬರೆದುಕೊಟ್ಟ ಸರ್ಕಾರ, ಚಿನ್ನ ಸಿಕ್ಕಿದ ಮೇಲೆ 1877ರಲ್ಲಿ ಕಿತ್ತುಕೊಂಡಿತು. 1980ರಲ್ಲಿ ಸುಪ್ರೀಂ ಕೋರ್ಟು ಪರಿಹಾರ ಕೊಡಿ ಎಂದಿತು. ಹಣ ಬೇಡ, ಬೆಟ್ಟ ಬೇಕು ಎಂದು ಲಕೋಟರು ಇಂದಿಗೂ ಆ ಹಣ ಮುಟ್ಟಿಲ್ಲ. ರಶ್‌ಮೋರ್ ಬೆಟ್ಟದಲ್ಲಿ ನಾಲ್ವರು ಅಧ್ಯಕ್ಷರ 60 ಅಡಿ ಎತ್ತರದ ಮುಖಗಳ ಮುಂದೆ ಫೋಟೋ ತೆಗೆಸಿಕೊಳ್ಳುವಾಗ ಇದೂ ನೆನಪಿರಲಿ. ಇಲ್ಲಿನ ಅತಿ ಎತ್ತರದ ಶಿಖರಕ್ಕೆ 2016ರಿಂದ ಬ್ಲ್ಯಾಕ್ ಎಲ್ಕ್ ಎಂಬ ಲಕೋಟ ಹಿರಿಯರ ಹೆಸರಿದೆ. ಎತ್ತರ 7,242 ಅಡಿ. ನಮ್ಮ ಮುಳ್ಳಯ್ಯನಗಿರಿಗಿಂತ ಸುಮಾರು 900 ಅಡಿ ಹೆಚ್ಚು.

2019ರ ಜೂನ್ ತಿಂಗಳಲ್ಲಿ ನಾವು ಎರಡು ಕುಟುಂಬದವರು ಅಲ್ಲಿಗೆ ಹೋದೆವು. ಗಂಡಸರಿಬ್ಬರು ಎರಡು ಬೈಕಿನಲ್ಲಿ. ಹೆಂಗಸರಿಬ್ಬರು ಹಿಂದಿನಿಂದ ಮಿನಿವ್ಯಾನಿನಲ್ಲಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಹುರಿದ ಅವಲಕ್ಕಿ ಸಮೇತ. ನನ್ನ ಮಿತ್ರ ಮೈಸೂರಿನವನು, ಇಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಕಾಲೇಜಿನ ದಿನಗಳಲ್ಲಿ ಯಾದವಗಿರಿಯ ಕಾರ್ಖಾನೆಯಲ್ಲಿ ತಯಾರಾದ ಯೆಜ್ಡಿ ಓಡಿಸಿದವನು. ಎರಡು ವರ್ಷದ ಹಿಂದೆ ಅವನ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದರು. ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದಾಗಲೇ ಈ ಪ್ರಯಾಣದ ನಕ್ಷೆ ಬಿಡಿಸಿಟ್ಟುಕೊಂಡಿದ್ದ. ಅವನ ಬೈಕಿಗೆ ಆಗ 20 ವರ್ಷ. ದೊಡ್ಡ ಗಾತ್ರದ, ಎರಡು ಸಿಲಿಂಡರಿನ ಗಾಡಿ. ಇವನ ಕೈಗೆ ಬರುವ ಮೊದಲು ಇಬ್ಬರು ಯಜಮಾನರನ್ನು ಕಂಡಿತ್ತು.

ಬ್ಲ್ಯಾಕ್ ಹಿಲ್ಸ್‌ನ ಒಳಗೆ ನೀಡಲ್ಸ್ ಹೈವೇ ಎಂಬ 14 ಮೈಲಿಯ ರಸ್ತೆಯಿದೆ. ಸೂಜಿಗಳನ್ನು ನೆಲದಲ್ಲಿ ನೆಟ್ಟಂತೆ ನಿಂತ ಗ್ರಾನೈಟ್ ಬಂಡೆಗಳ ನಡುವೆ ಅದು ಹಾವಿನಂತೆ ಹರಿಯುತ್ತದೆ. ಇಲ್ಲಿ ರಸ್ತೆ ಸಾಧ್ಯವೇ ಇಲ್ಲ ಎನ್ನುತ್ತಿದ್ದ ಕಾಲದಲ್ಲಿ ಪೀಟರ್ ನಾರ್ಬೆಕ್ ಎಂಬ ರಾಜಕಾರಣಿ ಕಾಲ್ನಡಿಗೆಯಲ್ಲೂ ಕುದುರೆಯ ಮೇಲೂ ಓಡಾಡಿ ದಾರಿ ಗುರುತಿಸಿದರು. 1922ರಲ್ಲಿ ರಸ್ತೆ ಮುಗಿಯಿತು. ಅದರ ಕೊನೆಗೆ ಸುಮಾರು 8 ಅಡಿ ಅಗಲದ, ಬಂಡೆ ಕೊರೆದ ಸುರಂಗ. ಬೈಕುಗಳು ಸಲೀಸಾಗಿ ನುಗ್ಗಿದವು. ಮಿನಿವ್ಯಾನು ಮಾತ್ರ ಎರಡೂ ಕನ್ನಡಿ ಮಡಿಸಿಕೊಂಡು, ನಮ್ಮ ಮನೆಯಾಕೆಯ ವೆಂಕಟೇಶ್ವರ ಸ್ತುತಿಯ ಬಲದಿಂದ ಈಚೆ ಬಂತು.

ಸುರಂಗದಾಚೆ ಗಾಡಿ ನಿಲ್ಲಿಸಿದಾಗ ನನಗೆ ಮಿತ್ರನ ಎಂಜಿನ್ನಿನಿಂದ 'ಟಕ್ ಟಕ್' ಎಂಬ ಸದ್ದು ಕೇಳಿಸಿತು.

"ಟ್ಯಾಪೆಟ್ ಸದ್ದು ಕಣಯ್ಯ. ಹಳೇ ಗಾಡಿ, ಬೆಟ್ಟ ಹತ್ತಿ ಬಿಸಿಯಾಗಿದೆ," ಎಂದ ಮಿತ್ರ.

"ಆ ಕೆಂಪು ದೀಪ ಯಾವುದೋ?"

ಅದು ಆಯಿಲ್ ಒತ್ತಡದ ದೀಪ. ಎಂಜಿನ್ ನಿಧಾನವಾದಾಗಲೆಲ್ಲ ಮಿಣುಕುತ್ತಿತ್ತು. ಮಿತ್ರ ತಕ್ಷಣ ಕೀ ತಿರುಗಿಸಿ ಎಂಜಿನ್ ಆರಿಸಿದ. ಮುಂದಿನ ಎರಡು ಗಂಟೆ ಆ ಅದ್ಭುತ ಬಂಡೆಗಳ ನೆರಳಲ್ಲಿ ಕುಳಿತು ಅವಲಕ್ಕಿ ತಿನ್ನುತ್ತಾ, ಗಾಡಿ ಎಳೆದೊಯ್ಯುವ ಟ್ರಕ್ಕಿಗಾಗಿ ಕಾದೆವು. ಟ್ರಕ್ಕಿನವನು ನಮ್ಮನ್ನು ಕರೆದೊಯ್ದದ್ದು ಸ್ಟರ್ಜಿಸ್‌ಗೆ. ಮೋಟಾರ್ ಸೈಕಲ್ ಕೆಟ್ಟರೆ ಇದಕ್ಕಿಂತ ಒಳ್ಳೆಯ ಊರು ಈ ಭೂಮಿಯ ಮೇಲೆ ಇರಲಾರದು. ಸುಮಾರು 7,000 ಜನರ ಊರು. 1938ರಿಂದ ಇಲ್ಲಿ ಆಗಸ್ಟ್ ತಿಂಗಳಲ್ಲಿ ಬೈಕುಗಳ ಜಾತ್ರೆ ನಡೆಯುತ್ತಿದೆ. ಆ ದಿನಗಳಲ್ಲಿ ಲಕ್ಷಗಟ್ಟಲೆ ಜನ ಸೇರುತ್ತಾರೆ. ಜೂನ್‌ನಲ್ಲಿ ಮಾತ್ರ ಜಾತ್ರೆ ಮುಗಿದ ಮರುದಿನದ ಬಯಲಿನಂತೆ ಖಾಲಿ ಖಾಲಿ.

ಗ್ಯಾರೇಜಿನ ಯಜಮಾನ ಅರವತ್ತು ದಾಟಿದವನು. ಮಾತು ಕಡಿಮೆ. ಎಂಜಿನ್ನನ್ನು ಅರ್ಧ ನಿಮಿಷ ಮಾತ್ರ ಓಡಿಸಿ, ತುದಿಯಲ್ಲಿ ಉದ್ದನೆಯ ಲೋಹದ ಕಡ್ಡಿಯಿರುವ ಸ್ಟೆತಸ್ಕೋಪನ್ನು ಎಂಜಿನ್ನಿನ ಬಲಮಗ್ಗುಲಿಗೆ ಒತ್ತಿದ. ನಾನು ಡಾಕ್ಟರೆಂದು ಮಿತ್ರ ಆಗಲೇ ಹೇಳಿಯಾಗಿತ್ತು. "ಡಾಕ್, ನೀವೇ ಕೇಳಿ," ಎಂದು ನನ್ನ ಕಿವಿಗೆ ಕೊಟ್ಟ. ಪಿಸ್ಟನ್ನಿನ ಬಡಿತಕ್ಕಿಂತ ನಿಧಾನವಾಗಿ, ಅದರ ಅರ್ಧ ವೇಗದಲ್ಲಿ, ಒರಟಾದ ಇನ್ನೊಂದು ಬಡಿತ ಸ್ಪಷ್ಟವಾಗಿ ಕೇಳುತ್ತಿತ್ತು. ಅರ್ಧ ವೇಗ ಎಂಬುದೇ ರೋಗದ ಸುಳಿವು.

ಅದೇಕೆ ಎಂದು ಸ್ವಲ್ಪ ವಿವರಿಸುತ್ತೇನೆ. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಪೆಟ್ರೋಲು-ಗಾಳಿಯ ಮಿಶ್ರಣ ಒಳಬರಲು ಒಂದು ವಾಲ್ವ್, ಹೊಗೆ ಹೊರಹೋಗಲು ಇನ್ನೊಂದು ವಾಲ್ವ್. ಇವನ್ನು ಸರಿಯಾದ ಕ್ಷಣಕ್ಕೆ ತೆರೆಯುವುದೇ ಕ್ಯಾಮ್ ಕೆಲಸ. ಮೊಟ್ಟೆಯಾಕಾರದ ಉಬ್ಬುಗಳಿರುವ ಒಂದು ದಂಡ ಇದು. ತಿರುಗುತ್ತಾ ಟ್ಯಾಪೆಟ್‌ಗಳನ್ನೂ ಅವುಗಳ ಮೇಲಿನ ಉದ್ದನೆಯ ಕಡ್ಡಿಗಳನ್ನೂ ಮೇಲಕ್ಕೆ ತಳ್ಳುತ್ತದೆ. ಕ್ರ್ಯಾಂಕ್ ಎರಡು ಸುತ್ತು ಸುತ್ತಿದರೆ ಕ್ಯಾಮ್ ಒಂದು ಸುತ್ತು. ಅಂದರೆ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಕ್ಯಾಮ್ 1,500, ಸೆಕೆಂಡಿಗೆ 25. ಪ್ರತಿ ಸುತ್ತಿಗೂ ವಾಲ್ವ್ ಸ್ಪ್ರಿಂಗುಗಳ ಒತ್ತಡವನ್ನು ತಡೆದುಕೊಳ್ಳುವುದು ಕ್ಯಾಮ್ ದಂಡದ ತುದಿಗಳನ್ನು ಹಿಡಿದಿರುವ ಬೇರಿಂಗುಗಳು. ನಮ್ಮ ಗಾಡಿಯಲ್ಲಿ ಒಳತುದಿಯ ಬೇರಿಂಗ್ ಸೂಜಿ ಬೇರಿಂಗ್. ತೆಳುವಾದ ಉಕ್ಕಿನ ಬಟ್ಟಲಿನೊಳಗೆ ಸುತ್ತಲೂ ಜೋಡಿಸಿದ ಸಣ್ಣ ಸಣ್ಣ ಉಕ್ಕಿನ ಕಡ್ಡಿಗಳು, ಅಷ್ಟೇ. ಇಡೀ ಭಾಗ ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳುವಷ್ಟು ಚಿಕ್ಕದು. ಬೆಲೆ 20 ಡಾಲರಿಗೂ ಕಡಿಮೆ.

ಯೆಜ್ಡಿ ಓಡಿಸಿದವರಿಗೆ ಈ ಕಾಯಿಲೆ ಬರುವ ಹಾಗೇ ಇರಲಿಲ್ಲ! ಎರಡು ಸ್ಟ್ರೋಕಿನ ಆ ಎಂಜಿನ್ನಿನಲ್ಲಿ ವಾಲ್ವೂ ಇಲ್ಲ, ಕ್ಯಾಮೂ ಇಲ್ಲ. ಸಿಲಿಂಡರಿನ ಗೋಡೆಯ ಕಿಂಡಿಗಳನ್ನು ಪಿಸ್ಟನ್ನೇ ಮುಚ್ಚಿ ತೆರೆಯುತ್ತದೆ. ಸ್ಪಾರ್ಕ್ ಪ್ಲಗ್ಗಿಗೆ ಉಜ್ಜುಕಾಗದ, ಸೈಲೆನ್ಸರಿನ ಮಸಿ ತೆಗೆಯುವುದು, ಇಷ್ಟರಲ್ಲೇ ನನ್ನ ಮಿತ್ರನ ಮೆಕ್ಯಾನಿಕ್ ವಿದ್ಯೆ ಮುಗಿದಿತ್ತು. 1961ರಲ್ಲಿ ಜಾವಾ ಹೆಸರಿನಲ್ಲಿ ಮೈಸೂರಿನಲ್ಲಿ ಶುರುವಾದ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. 2018ರಲ್ಲಿ ಬೇರೆಯವರ ಕೈಯಲ್ಲಿ ಮತ್ತೆ ಬಂದ ಜಾವಾ ನಾಲ್ಕು ಸ್ಟ್ರೋಕಿನದು. ಅದರಲ್ಲಿ ಕ್ಯಾಮ್ ಇದೆ.

ಯಜಮಾನ ಮೊದಲು ಆಯಿಲ್ ಇಳಿಸಿದ. ಬಿಸಿಲಿಗೆ ಹಿಡಿದರೆ ಅದರಲ್ಲಿ ಮಿನುಗು. ನಂತರ ಆಯಿಲ್ ಫಿಲ್ಟರನ್ನು ಡಬ್ಬಿ ಕತ್ತರಿಸಿದಂತೆ ಕತ್ತರಿಸಿ, ಒಳಗಿನ ಕಾಗದದ ಮಡಿಕೆಗಳನ್ನು ಬಿಡಿಸಿ ಹರಡಿದ. ಮೇಲೊಂದು ಅಯಸ್ಕಾಂತ ಆಡಿಸಿದ. ಪುಡಿ ಎದ್ದು ಅಂಟಿಕೊಂಡಿತು. "ಅಲ್ಯೂಮಿನಿಯಂ ಆಗಿದ್ದರೆ ಅಂಟುತ್ತಿರಲಿಲ್ಲ. ಹಿತ್ತಾಳೆ, ಕಂಚು ಆದರೂ ಇಲ್ಲ. ಇದು ಉಕ್ಕು," ಎಂದ. ಆಮೇಲೆ ಕ್ಯಾಮ್ ಮುಚ್ಚಳ ಬಿಚ್ಚಿ ದಂಡವನ್ನು ಹೊರಗೆಳೆದ. ಬೇರಿಂಗ್ ಹರಿದಿತ್ತು. ಕೆಲವು ಸೂಜಿಗಳು ಸವೆದು ತೆಳ್ಳಗಾಗಿದ್ದವು, ಕೆಲವು ತುಂಡಾಗಿದ್ದವು.

ಮುಂದೆ ಅವನು ಮಾಡಿದ ಕೆಲಸ ನಾನು ಇಂದಿಗೂ ಮರೆತಿಲ್ಲ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಸಿಕ್ಕ ಸೂಜಿಗಳನ್ನೂ ತುಂಡುಗಳನ್ನೂ ಸಾಲಾಗಿ ಜೋಡಿಸಿ ಎಣಿಸಿದ. ಪಕ್ಕದಲ್ಲಿ ಅದೇ ನಮೂನೆಯ ಹೊಸ ಬೇರಿಂಗ್ ಇಟ್ಟು ಅದರ ಸೂಜಿಗಳನ್ನೂ ಎಣಿಸಿದ. ಮತ್ತೊಮ್ಮೆ ಎಣಿಸಿದ.

"ಎರಡು ಕಮ್ಮಿ," ಎಂದ.

ಆಪರೇಷನ್ ಥಿಯೇಟರಿನಲ್ಲಿ ಹೊಟ್ಟೆ ಮುಚ್ಚುವ ಮೊದಲು ನರ್ಸ್ ಬಟ್ಟೆ, ಸೂಜಿ, ಉಪಕರಣಗಳನ್ನು ಗಟ್ಟಿಯಾಗಿ ಎಣಿಸುತ್ತಾರೆ. ಲೆಕ್ಕ ತಪ್ಪಿದರೆ ಎಂಥ ದೊಡ್ಡ ಸರ್ಜನ್ ಆದರೂ ಕೈಕಟ್ಟಿ ನಿಲ್ಲಬೇಕು. ನಾನು ಸರ್ಜನ್ ಅಲ್ಲ, ಮೆಡಿಸಿನ್ ಓದಿದವನು. ಆದರೂ ಹೌಸ್ ಸರ್ಜನ್ಸಿಯ ದಿನಗಳಲ್ಲಿ ಕೇಳಿದ ಆ ಎಣಿಕೆಯ ದನಿ ಅಲ್ಲಿ ಮತ್ತೆ ಕೇಳಿದಂತಾಯಿತು.

ಯಜಮಾನ ನಮ್ಮಿಬ್ಬರನ್ನು ಎದುರಿಗೆ ಕೂರಿಸಿಕೊಂಡು ಎರಡು ದಾರಿ ಹೇಳಿದ. ಮೊದಲನೆಯದು, ಹೊಸ ಬೇರಿಂಗ್ ಹಾಕಿ, ಆಯಿಲ್ ಬದಲಿಸಿ ಮುಚ್ಚುವುದು. ನಾಳೆ ಮಧ್ಯಾಹ್ನ ಗಾಡಿ ಸಿಗುತ್ತದೆ. "ಕೇಳಿದ್ದೀರಿ ಅಂತ ಹೇಳಿದೆ. ನಾನಾಗಿ ಅದನ್ನು ಮಾಡುವುದಿಲ್ಲ." ಎರಡನೆಯದು, ಕಾಣೆಯಾದ ಎರಡು ಸೂಜಿ ಹುಡುಕುವುದು. ಅದಕ್ಕೆ ಆಯಿಲ್ ಪಂಪ್ ಬಿಚ್ಚಬೇಕು, ಟ್ಯಾಪೆಟ್ ನೋಡಬೇಕು, ಆಯಿಲ್ ಟ್ಯಾಂಕು, ಪೈಪುಗಳನ್ನೆಲ್ಲ ತೊಳೆಯಬೇಕು. ಜೊತೆಗೆ ಕ್ಯಾಮ್ ದಂಡವೂ ಹೊಸದೇ ಬೇಕು. ಇಂಥ ಬೇರಿಂಗಿಗೆ ಒಳಬಳೆ ಇರುವುದಿಲ್ಲ. ಸೂಜಿಗಳು ನೇರವಾಗಿ ದಂಡದ ಮೇಲೆಯೇ ಉರುಳುತ್ತವೆ. ಆ ದಂಡದ ತುದಿಯಲ್ಲಿ ಆಗಲೇ ಗುಳಿ ಬಿದ್ದಿತ್ತು. ಗುಳಿ ಬಿದ್ದ ದಂಡಕ್ಕೆ ಹೊಸ ಬೇರಿಂಗ್ ಹಾಕಿದರೆ ಅದೂ ಬೇಗ ಹಾಳಾಗುತ್ತದೆ. ಭಾಗಗಳು ಬರಲು ಮೂರು ದಿನ, ಕೆಲಸಕ್ಕೆ ಒಂದು ದಿನ. ಖರ್ಚು ಸುಮಾರು 1,600 ಡಾಲರ್. "ಪಂಪ್ ಬಿಚ್ಚುವವರೆಗೆ ಅದರ ಗತಿ ನನಗೆ ಗೊತ್ತಿಲ್ಲ. ಹಾಳಾಗಿದ್ದರೆ ಇನ್ನೂ ಸ್ವಲ್ಪ ಹೆಚ್ಚು," ಎಂದೂ ಸೇರಿಸಿದ.

ಮಿತ್ರ ಮೌನವಾದ. ಅವನಿಗೆ ಹಣದ ಚಿಂತೆಯಲ್ಲ. ಎರಡು ವರ್ಷದಿಂದ ಕಾದಿದ್ದ ಪ್ರಯಾಣದ ಉಳಿದ ದಿನಗಳು ಗ್ಯಾರೇಜಿನ ಮುಂದೆಯೇ ಕಳೆದುಹೋಗುತ್ತವೆ ಎಂಬುದು. ಹೊರಗೆ ಬಂದು, "ಬೇರಿಂಗ್ ಒಂದೇ ಹಾಕಿಸಿಬಿಡೋಣ ಕಣೋ. ನಿಧಾನಕ್ಕೆ ಓಡಿಸಿಕೊಂಡು ಊರು ಸೇರೋಣ. ಅಲ್ಲಿ ಆರಾಮಾಗಿ ಉಳಿದದ್ದು ನೋಡಿಕೊಳ್ಳೋಣ," ಎಂದ.

ಅವನ ಹೆಂಡತಿ ನನ್ನ ಕಡೆ ನೋಡಿದರು. ಇಂಥ ನೋಟ ನನಗೆ ಹೊಸದಲ್ಲ. ರೋಗಿಯ ಕಡೆಯವರು ವಾರ್ಡಿನ ಹೊರಗೆ ನಿಂತು ನೋಡುವುದು ಹೀಗೇ. ಈ ಸಲ ಒಂದೇ ವ್ಯತ್ಯಾಸ: ನಾನೂ ರೋಗಿಯ ಕಡೆಯವನೇ ಆಗಿದ್ದೆ.

"ನೋಡಪ್ಪ," ಎಂದೆ, "ನಿನಗೆ ಆವತ್ತು ಎದೆನೋವು ಬಂದಾಗ ಆಂಜಿಯೋಗ್ರಾಮಿನಲ್ಲಿ ಒಂದೇ ರಕ್ತನಾಳ ನೋಡಿ ಬಿಟ್ಟರಾ, ಎಲ್ಲವನ್ನೂ ನೋಡಿದರಾ? ಆ ಎರಡು ಸೂಜಿ ಆಯಿಲ್ ಜೊತೆ ಎಲ್ಲಿಗೆ ಹೋಗಿದೆಯೋ ಯಾರಿಗೂ ಗೊತ್ತಿಲ್ಲ. ಪಂಪಿನ ಗೇರಿಗೆ ಸಿಕ್ಕಿ ಪಂಪ್ ನಿಂತರೆ ಎಂಜಿನ್ನಿಗೆ ಆಯಿಲ್ ಇಲ್ಲ. ಓಡುತ್ತಿರುವಾಗಲೇ ಎಂಜಿನ್ ಬಿಗಿದುಕೊಂಡರೆ ಹಿಂದಿನ ಚಕ್ರ ಲಾಕ್ ಆಗುತ್ತದೆ."

ಈ ರಾಜ್ಯದ ಇಂಟರ್‌ಸ್ಟೇಟ್ ಹೆದ್ದಾರಿಯಲ್ಲಿ 2015ರಿಂದ ಗಂಟೆಗೆ 80 ಮೈಲಿ ವೇಗ ಕಾನೂನುಬದ್ಧ. ಹಿಂದೆ ಬರುವ ದೊಡ್ಡ ಟ್ರಕ್ಕುಗಳಿಗೆ ನಮ್ಮ 'ನಿಧಾನ' ಅರ್ಥವಾಗುವುದಿಲ್ಲ. ಮಿತ್ರ ಸ್ವಲ್ಪ ಹೊತ್ತು ಬೂಟಿನಿಂದ ಜಲ್ಲಿಕಲ್ಲು ಕೆದಕಿ, "ಸರಿ, ಹುಡುಕಿಸು," ಎಂದು ಒಳಗೆ ನಡೆದ.

ಮೂರು ದಿನ ಬ್ಲ್ಯಾಕ್ ಹಿಲ್ಸ್ ಅನ್ನು ಮಿನಿವ್ಯಾನಿನಲ್ಲೇ ಸುತ್ತಿದೆವು. ಕಸ್ಟರ್ ಸ್ಟೇಟ್ ಪಾರ್ಕಿನಲ್ಲಿ ಕಾಡೆಮ್ಮೆಗಳ ಹಿಂಡು ರಸ್ತೆಗೆ ಅಡ್ಡ ನಿಂತು ಮುಕ್ಕಾಲು ಗಂಟೆ ನಮ್ಮನ್ನು ಕದಲಲು ಬಿಡಲಿಲ್ಲ. ಸ್ಪಿಯರ್‌ಫಿಶ್ ಕಣಿವೆಯ ಸುಣ್ಣದ ಕಲ್ಲಿನ ಗೋಡೆಗಳ ನಡುವೆ ಪುಳಿಯೋಗರೆ ಊಟವಾಯಿತು. ಸ್ಟರ್ಜಿಸ್‌ನಿಂದ ಅರ್ಧ ಗಂಟೆ ದೂರದ ಲೀಡ್ ಎಂಬ ಊರು ಮಾತ್ರ ನಮಗೆ ಬೇರೆಯೇ ರೀತಿ ಕಂಡಿತು. ಅಲ್ಲಿ ಹೋಮ್‌ಸ್ಟೇಕ್ ಎಂಬ ಚಿನ್ನದ ಗಣಿಯಿತ್ತು, 8,000 ಅಡಿ ಆಳದ್ದು. ನಮ್ಮ ಕೋಲಾರದ ಗಣಿ 2001ರಲ್ಲಿ ಮುಚ್ಚಿದರೆ ಇದು 2002ರಲ್ಲಿ ಮುಚ್ಚಿತು. ಇನ್ನೂ ಒಂದು ನಂಟಿದೆ. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಎಂಬ ಸೂಕ್ಷ್ಮ ಕಣಗಳನ್ನು 1965ರಲ್ಲಿ ಕೋಲಾರದ ಗಣಿಯ ಆಳದಲ್ಲಿ ಪತ್ತೆ ಹಚ್ಚಿದರು. ಸೂರ್ಯನಿಂದ ಬರುವ ನ್ಯೂಟ್ರಿನೋಗಳನ್ನು ಲೀಡ್‌ನ ಗಣಿಯಲ್ಲಿ ಹಿಡಿದ ರೇಮಂಡ್ ಡೇವಿಸ್ ಅವರಿಗೆ 2002ರಲ್ಲಿ ನೊಬೆಲ್ ಬಂತು. ಗಣಿ ಈಗ ಭೂಗತ ಪ್ರಯೋಗಶಾಲೆ. ಊರಿಗೆ ಇನ್ನೂ ಉಸಿರಿದೆ. ಮಿತ್ರನ ಹೆಂಡತಿಯ ತವರು ಕೆ.ಜಿ.ಎಫ್. ಅಲ್ಲಿನ ದೊಡ್ಡ ಗುಂಡಿಯ ಅಂಚಿನಲ್ಲಿ ಅವರು ಬಹಳ ಹೊತ್ತು ನಿಂತಿದ್ದರು. ನಾವ್ಯಾರೂ ಮಾತಾಡಿಸಲಿಲ್ಲ.

ಸಂಜೆ ಗ್ಯಾರೇಜಿಗೆ ಹೋದಾಗ ಯಜಮಾನ ಒಂದು ಕಥೆ ಹೇಳಿದ. ಕ್ಯಾಮ್ ಬೇರಿಂಗ್ ಒಮ್ಮೆ ವಿಸ್ಕಾನ್ಸಿನ್ ರಾಜ್ಯದ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತ್ತು ಎಂದರೆ ನಂಬುತ್ತೀರಾ? ಊರಿಗೆ ಬಂದ ಮೇಲೆ ನಾನು ಆ ತೀರ್ಪು ಹುಡುಕಿ ಓದಿದೆ. ನಮ್ಮ ಗಾಡಿಯದು ಆ ಎಂಜಿನ್ ಅಲ್ಲ. ಹಾರ್ಲೆ-ಡೇವಿಡ್ಸನ್ ಕಂಪನಿಯ 1999ರ ಮತ್ತು 2000ದ ಆರಂಭದ ಟ್ವಿನ್ ಕ್ಯಾಮ್ 88 ಎಂಜಿನ್ನುಗಳ ಮಾತು ಅದು. ಸ್ವಲ್ಪ ಸಂಖ್ಯೆಯ ಎಂಜಿನ್ನುಗಳಲ್ಲಿ ಹಿಂದಿನ ಕ್ಯಾಮ್ ಬೇರಿಂಗ್ ಕೆಟ್ಟಿದೆ ಎಂದು 2001ರ ಜನವರಿಯಲ್ಲಿ ಕಂಪನಿಯೇ ಮಾಲೀಕರಿಗೆ ಪತ್ರ ಬರೆದು, ಆ ಭಾಗದ ವಾರಂಟಿಯನ್ನು 5 ವರ್ಷ ಅಥವಾ 50,000 ಮೈಲಿಗೆ ಹೆಚ್ಚಿಸಿತು. ಕೆಲವು ಮಾಲೀಕರು, ನಮ್ಮ ಗಾಡಿಯ ಬೆಲೆಯೇ ಕುಸಿಯಿತು ಎಂದು ದಾವೆ ಹೂಡಿದರು. ಅವರ ಬೇರಿಂಗುಗಳು ಕೆಟ್ಟಿರಲಿಲ್ಲ, ಕೆಡಬಹುದೆಂಬ ಭಯವಿತ್ತು. ಇನ್ನೂ ಕೆಡದ ಭಾಗದಿಂದ ಕಾನೂನು ಒಪ್ಪುವಂಥ ಹಾನಿ ಆಗಿಲ್ಲವೆಂದು 2004ರಲ್ಲಿ ಕೋರ್ಟು ಅವರ ವಂಚನೆಯ ಆರೋಪಗಳನ್ನು ತಳ್ಳಿಹಾಕಿತು. ಕೋರ್ಟಿನ ಲೆಕ್ಕ ಅದು. ವೈದ್ಯನಿಗೂ ಬೈಕು ಓಡಿಸುವವನಿಗೂ ಮಾತ್ರ 'ಇನ್ನೂ ಕೆಟ್ಟಿಲ್ಲ' ಎಂಬ ದಿನವೇ ಪರೀಕ್ಷೆ ಮಾಡಿಸಲು ಸರಿಯಾದ ದಿನ.

ನಾಲ್ಕನೆಯ ದಿನ ಬೆಳಿಗ್ಗೆ ಯಜಮಾನ ನಮ್ಮನ್ನು ಕರೆದು ಬಿಳಿ ಬಟ್ಟೆ ತೋರಿಸಿದ. ಒಂದು ಸೂಜಿ ಮೂರು ತುಂಡಾಗಿ ಕ್ಯಾಮ್ ಗೂಡಿನ ತಳದ ಕೆಸರಿನಂಥ ಆಯಿಲಿನಲ್ಲಿ ಸಿಕ್ಕಿತ್ತು. ಇನ್ನೊಂದರ ತುಂಡುಗಳು ಆಯಿಲ್ ಪಂಪಿನೊಳಗಿದ್ದವು. ಗೇರಿನ ಒಂದು ಹಲ್ಲು ಚಕ್ಕೆ ಎದ್ದಿತ್ತು, ಪಂಪಿನ ಗೋಡೆಯಲ್ಲಿ ಗೀರು ಬಿದ್ದಿತ್ತು. ಮಿತ್ರ ಆ ಹಲ್ಲಿನ ಮೇಲೆ ಬೆರಳಾಡಿಸಿ ಏನೂ ಹೇಳಲಿಲ್ಲ. ಅವನ ಹೆಂಡತಿ ಮಾತ್ರ, "ಅಲ್ರೀ, ಇದನ್ನ ಇಟ್ಕೊಂಡು 600 ಮೈಲಿ ಹೋಗೋಣ ಅಂತಿದ್ರಲ್ಲ!" ಎಂದರು.

ಜೋಡಿಸುವುದನ್ನು ನಾವು ನಿಂತು ನೋಡಿದೆವು. ಹೊಸ ಬೇರಿಂಗ್ ಸೂಜಿಗಳನ್ನು ಒತ್ತೊತ್ತಾಗಿ ತುಂಬಿದ ನಮೂನೆಯದು, ನಡುವೆ ಪಂಜರವಿಲ್ಲ. ಪಂಜರವಿರುವ ಬೇರಿಂಗ್ ಹೆಚ್ಚು ವೇಗಕ್ಕೆ ಒಳ್ಳೆಯದು. ತುಂಬು ಸೂಜಿಯದು ಹೆಚ್ಚು ಭಾರ ಹೊರುತ್ತದೆ. ಅರ್ಧ ವೇಗದಲ್ಲಿ ತಿರುಗುವ ಕ್ಯಾಮಿಗೆ ಇದೇ ಮೇಲು ಎಂದ ಯಜಮಾನ. ಬಟ್ಟಲಿನ ಅಕ್ಷರ ಒತ್ತಿರುವ ಮಗ್ಗುಲಿಗೇ ಉಪಕರಣ ಕೊಟ್ಟು ಒತ್ತಬೇಕು, ಸುತ್ತಿಗೆಯಿಂದ ಬಡಿಯಬಾರದು. ಹೊಸ ಕ್ಯಾಮ್, ಹೊಸ ಟ್ಯಾಪೆಟ್, ಹೊಸ ಪಂಪ್. ಟ್ಯಾಂಕು, ಪೈಪುಗಳು ತೊಳೆದು ಸ್ವಚ್ಛ. ಎಂಜಿನ್ ಶುರುವಾದಾಗ ಸ್ಟೆತಸ್ಕೋಪ್ ಮತ್ತೆ ನನ್ನ ಕೈಗೆ ಬಂತು. ಆ ಒರಟು ಬಡಿತ ಇರಲಿಲ್ಲ. ಕೆಂಪು ದೀಪ ಆರಿತ್ತು.

ಬಿಲ್ಲು ಪಂಪ್ ಸೇರಿ 1,900 ಡಾಲರ್ ಚಿಲ್ಲರೆ. ಒಂದೊಂದು ಭಾಗ, ಒಂದೊಂದು ಗಂಟೆ ಬೇರೆ ಬೇರೆ ಬರೆದಿತ್ತು. 500 ಮೈಲಿ ಆದ ಮೇಲೆ ಆಯಿಲ್ ಬದಲಿಸಿ, ಹಳೆಯ ಫಿಲ್ಟರನ್ನು ಕತ್ತರಿಸಿ ನೋಡಿ ಎಂದು ಕೊನೆಯಲ್ಲಿ ಪೆನ್ಸಿಲಿನಲ್ಲಿ ಟಿಪ್ಪಣಿ. ಏನು ಕೆಟ್ಟಿದೆ, ಏನು ಗೊತ್ತಿಲ್ಲ, ಏನು ಮಾಡಿದೆ, ಮುಂದೆ ಏನು ನೋಡಬೇಕು, ಎಲ್ಲವೂ ಒಂದೇ ಹಾಳೆಯಲ್ಲಿ. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಕೊಡುವ ಕಾಗದ ಇಷ್ಟು ಚೆನ್ನಾಗಿದ್ದರೆ ರೋಗಿಗಳು ಎಷ್ಟು ಸುಖಪಟ್ಟಾರು ಅಂದುಕೊಂಡೆ. ನನ್ನ ಮೇಜಿನ ಗಾಜಿನಡಿ ಅದರ ಒಂದು ಪ್ರತಿ ಇದೆ. ಕಿರಿಯ ವೈದ್ಯರಿಗೆ ತೋರಿಸುತ್ತೇನೆ.

ಮನೆ ಸೇರಿದ ಮೇಲೆ ಮಿತ್ರ ಆಯಿಲ್ ಬದಲಿಸಿ ಫಿಲ್ಟರ್ ಕತ್ತರಿಸಿದ. ಅಯಸ್ಕಾಂತಕ್ಕೆ ಏನೂ ಅಂಟಲಿಲ್ಲ. ಗಾಡಿ ಇಂದಿಗೂ ಓಡುತ್ತಿದೆ, ಅದರ ಸವಾರನೂ ಗಟ್ಟಿಯಾಗಿದ್ದಾನೆ.

ನಿಮ್ಮಲ್ಲಿ ಯಾರಾದರೂ ಬ್ಲ್ಯಾಕ್ ಹಿಲ್ಸ್‌ಗೆ ಹೋಗುವುದಾದರೆ ಜೂನ್ ಅಥವಾ ಸೆಪ್ಟೆಂಬರ್ ಒಳ್ಳೆಯದು. ಆಗಸ್ಟ್ ಜಾತ್ರೆಯ ಹೊತ್ತಿಗೆ ಹೋಟೆಲ್ ಸಿಗುವುದು ಕಷ್ಟ. ರಶ್‌ಮೋರ್‌ಗೆ ಅರ್ಧ ದಿನ ಸಾಕು. ನೀಡಲ್ಸ್ ಹೈವೇಗೆ ಬೆಳಿಗ್ಗೆ ಬೇಗ ಹೋಗಿ. ಲೀಡ್ ಊರನ್ನು ಮಾತ್ರ ತಪ್ಪಿಸಬೇಡಿ. ಕಾರಾಗಲಿ ಬೈಕಾಗಲಿ, ಆಯಿಲ್ ದೀಪ ಮಿಣುಕಿದರೆ ಮುಂದಿನ ಊರಿನವರೆಗೂ ಎಂದು ಎಳೆಯದೆ ಅಲ್ಲೇ ನಿಲ್ಲಿಸಿ.

ಹರಿದ ಬೇರಿಂಗನ್ನೂ ಆ ಎರಡು ಸೂಜಿಗಳ ತುಂಡುಗಳನ್ನೂ ಯಜಮಾನ ಒಂದು ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟಿದ್ದ. ಆ ವರ್ಷದ ಆಯುಧಪೂಜೆಗೆ ಮಿತ್ರನ ಮನೆಗೆ ಹೋದಾಗ ನೋಡುತ್ತೇನೆ, ಬೈಕಿಗೆ ಚೆಂಡುಹೂವಿನ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು. ಪಕ್ಕದ ತಟ್ಟೆಯಲ್ಲಿ ಸ್ಕ್ರೂಡ್ರೈವರ್, ಸ್ಪ್ಯಾನರ್‌ಗಳ ಜೊತೆ ಆ ಚೀಲಕ್ಕೂ ಅರಿಸಿನ ಕುಂಕುಮ.